ಜೋರು ಗಾಳಿಗೆ ಯಾವ ಕ್ಯಾಮೆರಾ ಡ್ರೋನ್? ಹೋಗುವ ದೂರಕ್ಕಿಂತ ಮರಳುವ ಬಲ ನೋಡಿ ಆರಿಸಿ

ಗುಡ್ಡದ ನೆತ್ತಿ, ಕೆರೆಯ ಏರಿ, ಕಡಲ ದಂಡೆ, ಕಣ್ಣು ಹಾಯುವಷ್ಟು ಬಯಲು: ಕ್ಯಾಮೆರಾ ಡ್ರೋನ್ ಹಾರಿಸಬೇಕೆಂಬ ಆಸೆ ಎಲ್ಲೆಲ್ಲಿ ಹುಟ್ಟುತ್ತದೋ ಅಲ್ಲೆಲ್ಲ ಗಾಳಿಯೂ ಜೋರಾಗಿಯೇ ಇರುತ್ತದೆ. ಹಾಗಾಗಿ ಡ್ರೋನ್ ಕೊಳ್ಳಲು ಹೊರಟವರು ಗಾಳಿಯ ವಿಷಯದಲ್ಲಿ ಗೊಂದಲಕ್ಕೆ ಬೀಳುವುದು ಸಹಜ. 250 ಗ್ರಾಂ ಒಳಗಿನ ಪುಟ್ಟ ಡ್ರೋನ್ ಸಾಕೇ, ಮುಕ್ಕಾಲು ಕಿಲೋ ತೂಗುವ ಮಡಚುವ ಡ್ರೋನ್ ಬೇಕೇ, ಗಾಗಲ್ ಹಾಕಿಕೊಂಡು ಹಾರಿಸುವ ಎಫ್‌ಪಿವಿ ಕಡೆಗೆ ಹೋಗಬೇಕೇ, ಇಲ್ಲವೇ ಸಾಲ ಮಾಡಿಯಾದರೂ ದೊಡ್ಡದನ್ನೇ ತರಬೇಕೇ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಹಗುರವೂ ಇರಬೇಕು, ಗಾಳಿಗೂ ನಿಲ್ಲಬೇಕು ಎಂಬುದು ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬಂತಹ ಸ್ಥಿತಿ. ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸಲು ಮೊದಲು ಅಳತೆಗೋಲುಗಳನ್ನು ಸರಿಮಾಡಿಕೊಳ್ಳಬೇಕು.

ನನ್ನ ಅಳತೆಗೋಲು ಸರಿಯಾದದ್ದು ಒಂದು ಜಲಾಶಯದ ದಂಡೆಯ ಮೇಲೆ. ಹಗುರ ಡ್ರೋನ್ ಒಂದನ್ನು ಅರವತ್ತು ಮೀಟರ್ ಎತ್ತರಕ್ಕೇರಿಸಿ, ಗಾಳಿ ಬೀಸುತ್ತಿದ್ದ ದಿಕ್ಕಿಗೇ ನೀರಿನ ಮೇಲೆ ಕಳಿಸಿದ್ದೆ. ಅದು ಸಲೀಸಾಗಿ ಹೋಯಿತು, ಬ್ಯಾಟರಿಯೂ ಅಷ್ಟೇನೂ ಇಳಿಯಲಿಲ್ಲ. ಚಿತ್ರೀಕರಣ ಮುಗಿಸಿ ಮೂತಿಯನ್ನು ನನ್ನ ಕಡೆಗೆ ತಿರುಗಿಸಿ ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ಒತ್ತಿದಾಗ ಪರದೆಯ ಮೇಲಿನ ದೂರದ ಅಂಕಿ 640 ಇತ್ತು. ಕೆಲವು ಸೆಕೆಂಡುಗಳ ನಂತರ 641, ಮತ್ತೆ 641, ಆಮೇಲೆ 643. ಡ್ರೋನ್ ತನ್ನ ಶಕ್ತಿಯನ್ನೆಲ್ಲ ಹಾಕಿ ನನ್ನ ಕಡೆಗೆ ಹಾರುತ್ತಿತ್ತು, ಆದರೂ ನನ್ನಿಂದ ದೂರ ಸರಿಯುತ್ತಿತ್ತು. ಅತಿ ವೇಗದ ಸ್ಪೋರ್ಟ್ ಮೋಡ್‌ಗೆ ಬದಲಿಸಿ, ನೀರಿನಿಂದ ಹದಿನೈದು ಮೀಟರ್‌ ಎತ್ತರಕ್ಕೆ ಇಳಿಸಿದ ಮೇಲೆಯೇ ಆ ಅಂಕಿ ನಿಧಾನವಾಗಿ ಕೆಳಗಿಳಿಯತೊಡಗಿತು. ದಂಡೆಯ ಹುಲ್ಲಿನ ಮೇಲೆ ಅದು ಕುಳಿತಾಗ ಬ್ಯಾಟರಿಯಲ್ಲಿ ಉಳಿದದ್ದು ಶೇಕಡ 6. ಅಂದಿನಿಂದ ಯಾವ ಡ್ರೋನಿನ ಬಗ್ಗೆ ಯಾರು ಕೇಳಿದರೂ ಅದು ಎಷ್ಟು ಗಾಳಿ ತಡೆಯುತ್ತದೆ ಎಂಬುದಕ್ಕಿಂತ ಮೊದಲು, ಎದುರುಗಾಳಿಯಲ್ಲಿ ಎಷ್ಟು ವೇಗವಾಗಿ ಮರಳುತ್ತದೆ ಎಂದು ನೋಡಲು ಹೇಳುತ್ತೇನೆ.

ಮೊದಲು ಗಾಳಿಯನ್ನು ಅಳೆಯೋಣ

ತಯಾರಕರು ಡ್ರೋನಿನ ಗಾಳಿ ತಡೆಯುವ ಮಿತಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದೋ, ಇಂತಿಷ್ಟನೇ ಹಂತ ಎಂದೋ ಬರೆಯುತ್ತಾರೆ. ಈ ಹಂತಗಳು ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ರೂಪಿಸಿದ ಮಾಪಕದಿಂದ ಬಂದವು. ನಾಲ್ಕನೇ ಹಂತವೆಂದರೆ ಗಂಟೆಗೆ ಸುಮಾರು 20ರಿಂದ 28 ಕಿಲೋಮೀಟರ್: ಧೂಳು ಏಳುತ್ತದೆ, ಬಿದ್ದ ಕಾಗದ ಹಾರುತ್ತದೆ, ಸಣ್ಣ ಕೊಂಬೆಗಳು ಅಲುಗುತ್ತವೆ. ಐದನೇ ಹಂತ 29ರಿಂದ 38 ಕಿಲೋಮೀಟರ್: ಎಲೆ ತುಂಬಿದ ಸಣ್ಣ ಮರಗಳು ಇಡಿಯಾಗಿ ತೂಗುತ್ತವೆ. ಆರನೆಯದು 39ರಿಂದ 49: ದೊಡ್ಡ ಕೊಂಬೆಗಳೇ ಅಲುಗುತ್ತವೆ, ತಂತಿಗಳು ಶಿಳ್ಳೆ ಹೊಡೆಯುತ್ತವೆ, ಕೊಡೆ ಹಿಡಿಯುವುದು ಕಷ್ಟವಾಗುತ್ತದೆ. ಕೈಯಲ್ಲಿ ಯಾವ ಉಪಕರಣವೂ ಇಲ್ಲದಾಗ ಸುತ್ತಲಿನ ಮರಗಳನ್ನು ಎರಡು ನಿಮಿಷ ಸುಮ್ಮನೆ ನೋಡಿದರೂ ಗಾಳಿಯ ಅಂದಾಜು ಸಾಕಷ್ಟು ಸಿಗುತ್ತದೆ.

ಆದರೆ ನಾವು ನಿಂತಲ್ಲಿ ಬೀಸುವ ಗಾಳಿಯೇ ಡ್ರೋನ್ ಇರುವಲ್ಲೂ ಬೀಸುತ್ತದೆ ಎಂದುಕೊಳ್ಳಬಾರದು. ಹವಾಮಾನ ಮುನ್ಸೂಚನೆಯಲ್ಲಿ ಕಾಣುವ ಗಾಳಿಯ ವೇಗ ಸಾಮಾನ್ಯವಾಗಿ ನೆಲದಿಂದ ಹತ್ತು ಮೀಟರ್ ಎತ್ತರದ್ದು. ನೆಲ, ಗಿಡಮರ, ಕಟ್ಟಡಗಳ ಉಜ್ಜುವಿಕೆಯಿಂದ ಕೆಳಗಿನ ಗಾಳಿ ನಿಧಾನವಾಗುತ್ತದೆ, ಮೇಲೇರಿದಂತೆ ಆ ತಡೆ ಕಡಿಮೆಯಾಗುತ್ತದೆ. ತೆರೆದ ಬಯಲಿನಲ್ಲೇ ಹತ್ತು ಮೀಟರ್‌ನಿಂದ ನೂರು ಮೀಟರ್‌ಗೆ ಏರಿದರೆ ಗಾಳಿ ಸುಮಾರು ಒಂದೂಕಾಲರಿಂದ ಒಂದೂವರೆ ಪಟ್ಟಾಗುತ್ತದೆ. ಅದಕ್ಕೆ ಹೊಡೆತವನ್ನೂ ಸೇರಿಸಿಕೊಳ್ಳಬೇಕು, ಅಂದರೆ ಕೆಲವೇ ಸೆಕೆಂಡು ರಭಸವಾಗಿ ಬಡಿದು ಇಳಿಯುವ ಗಾಳಿಯನ್ನು. ಮುನ್ಸೂಚನೆಯಲ್ಲಿ ಗಂಟೆಗೆ 20 ಕಿಲೋಮೀಟರ್ ಎಂದಿದ್ದ ದಿನ ನೂರು ಮೀಟರ್ ಮೇಲೆ ಸರಾಸರಿಯೇ 28 ಇರಬಹುದು, ಹೊಡೆತಗಳು 35 ದಾಟುವುದೂ ಅಪರೂಪವಲ್ಲ. ಸರಾಸರಿ ನೋಡಿ ಡ್ರೋನ್ ಮೇಲೇರಿಸಿದವರನ್ನು ಪೇಚಿಗೆ ಸಿಲುಕಿಸುವುದು ಈ ಹೊಡೆತಗಳೇ. ಇದರ ಮೇಲೆ, ಗಾಳಿಯ ವೇಗ ಇಮ್ಮಡಿಯಾದರೆ ಅದು ದೂಡುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬಾರದು. 20ರ ಗಾಳಿಯಲ್ಲಿ ನೆಮ್ಮದಿಯಾಗಿ ಹಾರಿದ ಡ್ರೋನ್ 40ರಲ್ಲಿ ಎರಡರಷ್ಟು ಅಲ್ಲ, ಅದಕ್ಕೂ ಬಹಳ ಹೆಚ್ಚು ಕಷ್ಟಪಡುತ್ತದೆ.

ತೂಗಿ ನೋಡಬೇಕಾದ ಸಂಗತಿಗಳು

ಎಲ್ಲಕ್ಕಿಂತ ಮೊದಲನೆಯದು, ಆಗಲೇ ಹೇಳಿದ ಮರಳುವ ವೇಗ. ಡ್ರೋನಿನ ಗರಿಷ್ಠ ವೇಗದಿಂದ ಗಾಳಿಯ ವೇಗವನ್ನು ಕಳೆದರೆ ಎದುರುಗಾಳಿಯಲ್ಲಿ ನಮ್ಮ ಕಡೆಗೆ ಬರುವ ವೇಗ ಉಳಿಯುತ್ತದೆ. ಒಂದು ಲೆಕ್ಕ ಹಾಕೋಣ. ಒಂದು ಡ್ರೋನಿನ ಗರಿಷ್ಠ ವೇಗ ಸೆಕೆಂಡಿಗೆ 16 ಮೀಟರ್, ಇನ್ನೊಂದರದು 21. ಎರಡೂ ಒಂದು ಕಿಲೋಮೀಟರ್ ದೂರದಿಂದ ಮರಳಬೇಕು. ಸೆಕೆಂಡಿಗೆ 5 ಮೀಟರ್ ಎದುರುಗಾಳಿಯಿದ್ದರೆ ಮೊದಲನೆಯದು ಸುಮಾರು 91 ಸೆಕೆಂಡಿನಲ್ಲಿ, ಎರಡನೆಯದು 63 ಸೆಕೆಂಡಿನಲ್ಲಿ ಬರುತ್ತದೆ. ಇದು ದೊಡ್ಡ ವ್ಯತ್ಯಾಸವಲ್ಲ. ಗಾಳಿ 10 ಮೀಟರಾದರೆ 167 ಮತ್ತು 91. ಗಾಳಿ 13 ಮೀಟರಾದರೆ ಮೊದಲನೆಯದಕ್ಕೆ 333 ಸೆಕೆಂಡು, ಅಂದರೆ ಐದೂವರೆ ನಿಮಿಷ, ಎರಡನೆಯದಕ್ಕೆ ಎರಡು ನಿಮಿಷದ ಆಸುಪಾಸು. ಗಾಳಿ ಕಡಿಮೆಯಿದ್ದಾಗ ಒಂದೇ ಬಗೆಯವೆಂದು ತೋರುವ ಎರಡು ಡ್ರೋನ್‌ಗಳ ಅಂತರ ಗಾಳಿ ಏರಿದಂತೆ ಹೀಗೆ ಬಾಯ್ದೆರೆಯುತ್ತದೆ. ಅಷ್ಟು ಹೊತ್ತೂ ಮೋಟಾರುಗಳು ಪೂರ್ಣ ಶಕ್ತಿಯಲ್ಲಿ ತಿರುಗುತ್ತಿರುತ್ತವೆ ಎಂಬುದನ್ನೂ ಸೇರಿಸಿ ನೋಡಿದರೆ, ಬ್ಯಾಟರಿಯ ಪೆಟ್ಟಿಗೆಯ ಮೇಲೆ ಬರೆದಿರುವ ನಿಮಿಷಗಳಿಗೂ ಈ ಹಾರಾಟಕ್ಕೂ ಸಂಬಂಧವೇ ಉಳಿಯುವುದಿಲ್ಲ. ಆ ನಿಮಿಷಗಳು ಗಾಳಿಯಿಲ್ಲದ ವಾತಾವರಣದಲ್ಲಿ, ಹಿತವಾದ ಒಂದೇ ವೇಗದಲ್ಲಿ ಹಾರಿಸಿ ಅಳೆದವು.

ಈ ಲೆಕ್ಕದಿಂದ ನಾನು ಇಟ್ಟುಕೊಂಡಿರುವ ಕಟ್ಟುಪಾಡು ಒಂದೇ: ಹಾರುವ ಎತ್ತರದಲ್ಲಿ ನಿರೀಕ್ಷಿಸುವ ಹೊಡೆತದ ವೇಗ ಡ್ರೋನಿನ ಗರಿಷ್ಠ ವೇಗದ ಅರ್ಧವನ್ನು ಮೀರಬಾರದು. ಹೆಚ್ಚಿನ ಕ್ಯಾಮೆರಾ ಡ್ರೋನ್‌ಗಳಲ್ಲಿ ತಯಾರಕರು ಕೊಟ್ಟ ಗಾಳಿಯ ಮಿತಿಗಿಂತ ಇದು ಬಿಗಿಯಾದದ್ದು, ಬೇಕೆಂದೇ ಹಾಗಿಟ್ಟಿದ್ದೇನೆ. ಆ ಮಿತಿಯನ್ನು ನಾನು ಓದುವ ರೀತಿ ಇದು: ಅಷ್ಟು ಗಾಳಿಯಲ್ಲಿ ಡ್ರೋನ್ ತನ್ನ ಜಾಗ ಬಿಡದೆ ನಿಲ್ಲಬಲ್ಲದು. ನಿಲ್ಲುವುದು ಬೇರೆ, ನಿಶ್ಚಿಂತೆಯಿಂದ ಮನೆಗೆ ಬರುವುದು ಬೇರೆ.

ಎರಡನೆಯದು ಚಿತ್ರದ ಸ್ಥಿರತೆ. ಗಾಳಿಗೆ ಎದುರಾಗಿ ನಿಲ್ಲಲು ಡ್ರೋನ್ ವಾಲಲೇಬೇಕು, ಗಾಳಿ ಹೆಚ್ಚಿದಷ್ಟೂ ವಾಲುವ ಕೋನ ಹೆಚ್ಚುತ್ತದೆ. ಆ ವಾಲುವಿಕೆಯನ್ನು ಸರಿದೂಗಿಸುವ ಕೆಲಸ ಕ್ಯಾಮೆರಾ ಕೂರಿಸಿರುವ ತಿರುಗುವ ಹಿಡಿಕೆಯಾದ ಗಿಂಬಲ್‌ನದು. ಮೂರು ಅಕ್ಷಗಳ ಗಿಂಬಲ್ ಇದ್ದರೆ ಡ್ರೋನ್ ಕುಣಿದರೂ ಚಿತ್ರ ನಿಲ್ಲುತ್ತದೆ, ಆದರೆ ಗಿಂಬಲ್‌ ತಿರುಗುವುದಕ್ಕೂ ಒಂದು ಎಲ್ಲೆಯಿದೆ. ಆ ಎಲ್ಲೆ ಮುಟ್ಟಿದೊಡನೆ ದಿಗಂತದ ಗೆರೆ ಓರೆಯಾಗುತ್ತದೆ, ಚೌಕಟ್ಟಿನ ಮೇಲ್ತುದಿಯಲ್ಲಿ ಪ್ರೊಪೆಲ್ಲರ್ ಇಣುಕುತ್ತದೆ. ಅಕ್ಷ ಒಂದೇ ಇರುವ ಗಿಂಬಲ್‌ಗಳಲ್ಲಿ ಉಳಿದ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ, ಅದಕ್ಕಾಗಿ ಚಿತ್ರದ ಅಂಚುಗಳನ್ನು ಕತ್ತರಿಸುತ್ತದೆ.

ಮೂರನೆಯದು, ಬಿದ್ದರೆ ಏನಾಗುತ್ತದೆ ಎಂಬುದು. ಹಣದ ಪ್ರಶ್ನೆಗಿಂತ ಇದನ್ನು ಮುಂದೆ ಇಟ್ಟಿದ್ದೇನೆ, ಏಕೆಂದರೆ ಗಾಳಿಯಲ್ಲಿ ಕೈತಪ್ಪಿದ ಡ್ರೋನ್ ನಾವು ಆರಿಸಿದ ಜಾಗದಲ್ಲಿ ಬೀಳುವುದಿಲ್ಲ. 249 ಗ್ರಾಂ ತೂಕದ ಡ್ರೋನ್ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಡಿದರೆ ಅದರ ಚಲನಶಕ್ತಿ ಸುಮಾರು 28 ಜೂಲ್. ನಾಲ್ಕು ಕಿಲೋ ತೂಕದ್ದು 20 ಮೀಟರ್ ವೇಗದಲ್ಲಿ ಬಡಿದರೆ 800 ಜೂಲ್. ಪುಟ್ಟದು ಕೂಡ ಕಣ್ಣಿಗೆ, ಮುಖಕ್ಕೆ ಗಾಯ ಮಾಡಬಲ್ಲದು, ದೊಡ್ಡದು ಪ್ರಾಣವನ್ನೇ ತೆಗೆಯಬಲ್ಲದು. ಅನೇಕ ದೇಶಗಳು 250 ಗ್ರಾಂ ಎಂಬ ಗೆರೆಯನ್ನು ಎಳೆದು ಅದರ ಕೆಳಗಿನ ಡ್ರೋನ್‌ಗಳಿಗೆ ನಿಯಮಗಳನ್ನು ಸಡಿಲಿಸಿರುವುದಕ್ಕೆ ಕಾರಣ ಈ ಅಂತರವೇ.

ಹಣ ನಾಲ್ಕನೆಯದು. ಕೊಳ್ಳುವ ಬೆಲೆಯ ಜೊತೆಗೆ ಹೆಚ್ಚುವರಿ ಬ್ಯಾಟರಿ, ಪ್ರೊಪೆಲ್ಲರ್, ರಿಪೇರಿಯ ಖರ್ಚನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.

250 ಗ್ರಾಂ ಒಳಗಿನ ಹಗುರ ಡ್ರೋನ್

ಈ ವರ್ಗದ ಬೆಳವಣಿಗೆ ನಿಜಕ್ಕೂ ಮೆಚ್ಚುವಂಥದ್ದು. 2019ರಲ್ಲಿ ಬಂದ, ಚೀನಾದ ಡಿಜೆಐ ಕಂಪನಿಯ ಮ್ಯಾವಿಕ್ ಮಿನಿಯ ಗಾಳಿಯ ಮಿತಿ ಸೆಕೆಂಡಿಗೆ 8 ಮೀಟರ್, ಅಂದರೆ ಬ್ಯೂಫೋರ್ಟ್‌ನ ನಾಲ್ಕನೇ ಹಂತ. 2022ರ ಮಿನಿ 3 ಪ್ರೊ ಅದೇ 249 ಗ್ರಾಂ ತೂಕದಲ್ಲಿ ಆ ಮಿತಿಯನ್ನು 10.7 ಮೀಟರ್‌ಗೆ ಏರಿಸಿತು. 2023ರ ಮಿನಿ 4 ಪ್ರೊ ಕೂಡ ಅಲ್ಲೇ ಇದೆ. ಹಾಗಾಗಿ ಈ ವರ್ಗದಲ್ಲಿ ಹಳೆಯದನ್ನು ಕೊಳ್ಳುವವರು ಬೆಲೆ ಕಡಿಮೆಯೆಂದು 2019ರ ಮಾದರಿಗೆ ಕೈಹಾಕದಿರುವುದು ಒಳ್ಳೆಯದು. ಅಂಗೈಯಲ್ಲಿ ಕೂರುವ 135 ಗ್ರಾಂನ ನಿಯೋ ತರಹದ ಡ್ರೋನ್‌ಗಳೂ 8 ಮೀಟರ್‌ ಮಿತಿಯವೇ. ಅವು ನಡೆಯುವವರ ಹಿಂದೆ ಹತ್ತಿರದಲ್ಲೇ ಹಾರಲು ಮಾಡಿದವು, ಗುಡ್ಡದ ನೆತ್ತಿಯ ಗಾಳಿಗಲ್ಲ.

ಮಿನಿ 3 ಪ್ರೊ ವರ್ಗದ ಡ್ರೋನಿನ ಗರಿಷ್ಠ ವೇಗ ಸೆಕೆಂಡಿಗೆ 16 ಮೀಟರ್. ನನ್ನ ಅರ್ಧದ ಕಟ್ಟುಪಾಡಿನ ಪ್ರಕಾರ ಹೊಡೆತಗಳು 8 ಮೀಟರ್, ಅಂದರೆ ಗಂಟೆಗೆ 29 ಕಿಲೋಮೀಟರ್ ಒಳಗಿರಬೇಕು. ಪ್ರವಾಸದಲ್ಲಿ, ಬೆಳಗಿನ ಹೊತ್ತು, ನಲವತ್ತು ಐವತ್ತು ಮೀಟರ್ ಎತ್ತರದಲ್ಲಿ ಹಾರಿಸುವವರಿಗೆ ಇಷ್ಟು ಸಾಕೇ ಸಾಕು. ಆದರೆ 16 ಮೀಟರ್ ವೇಗ ಸಿಗುವುದು ಸ್ಪೋರ್ಟ್ ಮೋಡ್‌ನಲ್ಲಿ ಮಾತ್ರ ಎಂಬುದು ನೆನಪಿರಲಿ. ಆ ಮೋಡ್‌ನಲ್ಲಿ ಅಡೆತಡೆಗಳನ್ನು ಗುರುತಿಸುವ ಸಂವೇದಕಗಳು ಕೆಲಸ ಮಾಡುವುದಿಲ್ಲ. ಗಾಳಿಗೆ ಸಿಕ್ಕಿ ಗಾಬರಿಯಲ್ಲಿ ಸ್ಪೋರ್ಟ್ ಮೋಡ್‌ಗೆ ಹೋದವರು ನಡುವೆ ಇರುವ ಮರವನ್ನು ತಾವೇ ಕಂಡುಕೊಳ್ಳಬೇಕು.

ಹಗುರ ಡ್ರೋನಿನ ದೊಡ್ಡ ತೊಡಕು ಹಾರಾಟಕ್ಕಿಂತ ಇಳಿಯುವಾಗ ಕಾಣುತ್ತದೆ. ನೆಲದಿಂದ ಒಂದಡಿ ಮೇಲೆ ಬಂದಾಗ ಅಡ್ಡಗಾಳಿ ಬಡಿದರೆ ಅದು ಪಕ್ಕಕ್ಕೆ ಜಾರಿ, ಒಂದು ಕಾಲು ಮೊದಲು ತಾಗಿ, ಮಗುಚಿಕೊಂಡು ಪ್ರೊಪೆಲ್ಲರ್ ಅಂಚುಗಳನ್ನು ನೆಲಕ್ಕೆ ಉಜ್ಜುತ್ತದೆ. ಅನೇಕರು ಆಗ ಕೈಯಿಂದಲೇ ಹಿಡಿಯುತ್ತಾರೆ. ರೂಢಿಯಿಲ್ಲದವರು ಗಾಳಿಯಲ್ಲಿ ಇದನ್ನು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆಯ ಮರೆಯಲ್ಲೋ, ನಿಲ್ಲಿಸಿದ ವಾಹನದ ಮರೆಯಲ್ಲೋ ಅಗಲವಾದ ಚಾಪೆ ಹಾಸಿಕೊಳ್ಳುವುದು ಎಷ್ಟೋ ಮೇಲು. ಚಾಪೆಯ ನಾಲ್ಕೂ ಮೂಲೆಗೆ ಕಲ್ಲಿಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಇಳಿಯುವ ಡ್ರೋನಿನ ಗಾಳಿಗೇ ಚಾಪೆ ಎದ್ದು ಪ್ರೊಪೆಲ್ಲರ್‌ಗೆ ಸಿಕ್ಕಿಕೊಳ್ಳುತ್ತದೆ.

ದೊಡ್ಡ ಬ್ಯಾಟರಿ ಹಾಕಿ ಹಾರಾಟದ ಅವಧಿ ಹೆಚ್ಚಿಸಿಕೊಳ್ಳುವ ದಾರಿಯೂ ಈ ವರ್ಗದ ಕೆಲವು ಡ್ರೋನ್‌ಗಳಲ್ಲಿದೆ. ಅದರಿಂದ ತೂಕ 250 ಗ್ರಾಂ ದಾಟುತ್ತದೆ, ಹಗುರ ಡ್ರೋನ್ ಎಂಬ ಕಾನೂನಿನ ಅನುಕೂಲ ಹೋಗುತ್ತದೆ, ಆದರೆ ಗರಿಷ್ಠ ವೇಗ ಹೆಚ್ಚುವುದಿಲ್ಲ. ಗಾಳಿಗಾಗಿ ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಮಧ್ಯಮ ತೂಕದ ಮಡಚುವ ಡ್ರೋನ್

ಆರುನೂರು ಗ್ರಾಂನಿಂದ ಒಂದು ಕಿಲೋವರೆಗಿನ ಈ ವರ್ಗವೇ ಗಾಳಿಯ ಜಾಗಗಳಲ್ಲಿ ನಿಯತವಾಗಿ ಚಿತ್ರೀಕರಿಸುವ ಹೆಚ್ಚಿನವರಿಗೆ ಸರಿಹೊಂದುತ್ತದೆ ಎಂದು ನನ್ನ ಅನುಭವ ಹೇಳುತ್ತದೆ. ಆದರೂ ಇಲ್ಲಿ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಡಿಜೆಐನದೇ 2021ರ ಏರ್ 2ಎಸ್‌ನ ತೂಕ 595 ಗ್ರಾಂ, ಗಾಳಿಯ ಮಿತಿ 10.7 ಮೀಟರ್. ಅಂದರೆ ಅದರ ಅರ್ಧಕ್ಕೂ ಕಡಿಮೆ ತೂಗುವ ಮಿನಿ 3 ಪ್ರೊಗೆ ಇರುವ ಮಿತಿಯೇ! ಮಿತಿಯ ಅಂಕಿಯನ್ನಷ್ಟೇ ನೋಡಿದವರಿಗೆ ಹೆಚ್ಚು ಹಣ ಕೊಟ್ಟದ್ದು ದಂಡ ಎನಿಸುತ್ತದೆ. ಆದರೆ ಏರ್ 2ಎಸ್‌ನ ಗರಿಷ್ಠ ವೇಗ ಸೆಕೆಂಡಿಗೆ 19 ಮೀಟರ್, ಅದರ ಸಾಧಾರಣ ಮೋಡ್‌ನಲ್ಲೇ 15 ಮೀಟರ್ ಸಿಗುತ್ತದೆ. ಮಿನಿ 3 ಪ್ರೊನ ಸಾಧಾರಣ ಮೋಡ್‌ನಲ್ಲಿ ಸಿಗುವುದು 10. ಸಂವೇದಕಗಳು ಎಚ್ಚರವಾಗಿರುವ ಮೋಡ್‌ನಲ್ಲೇ ಐದು ಮೀಟರ್ ಹೆಚ್ಚು ವೇಗ ಸಿಗುವುದೆಂದರೆ ಗಾಳಿಯಲ್ಲಿ ಅದು ಸಣ್ಣ ಮಾತಲ್ಲ.

ಇನ್ನೂ ಮುಂದೆ ಹೋದರೆ 2021ರ ಮ್ಯಾವಿಕ್ 3 ಮತ್ತು 2023ರ ಏರ್ 3 ಸಿಗುತ್ತವೆ. ಒಂದು 895 ಗ್ರಾಂ, ಇನ್ನೊಂದು 720 ಗ್ರಾಂ. ಎರಡರ ಗಾಳಿಯ ಮಿತಿಯೂ 12 ಮೀಟರ್, ಗರಿಷ್ಠ ವೇಗವೂ 21 ಮೀಟರ್, ಹಾರಾಟದ ಅವಧಿಯೂ ಕಾಗದದ ಮೇಲೆ 46 ನಿಮಿಷ. ಗಾಳಿಯ ಮಟ್ಟಿಗೆ ಇವೆರಡೂ ಸರಿಸಮ, ಹಾಗಾಗಿ ಮ್ಯಾವಿಕ್‌ಗೆ ಕೊಡುವ ಹೆಚ್ಚಿನ ಹಣ ಅದರ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ದೊಡ್ಡ ಸೆನ್ಸರ್‌ಗೆ ಕೊಟ್ಟದ್ದೇ ಹೊರತು ಗಾಳಿ ತಡೆಯುವ ಬಲಕ್ಕಲ್ಲ. ಮಬ್ಬು ಬೆಳಕಿನಲ್ಲಿ, ಮುದ್ರಣಕ್ಕೆ ದೊಡ್ಡ ಚಿತ್ರ ತೆಗೆಯುವವರಿಗೆ ಆ ಸೆನ್ಸರ್ ಬೇಕು. ಗಾಳಿಯೊಂದೇ ಚಿಂತೆಯಾಗಿದ್ದರೆ ಏರ್ 3 ವರ್ಗ ಸಾಕು, ಉಳಿದ ಹಣಕ್ಕೆ ಎರಡು ಹೆಚ್ಚುವರಿ ಬ್ಯಾಟರಿ ಕೊಳ್ಳುವುದು ಜಾಣತನ.

ಬೇರೆ ತಯಾರಕರ ಡ್ರೋನ್ ನೋಡುತ್ತಿರುವವರೂ ಇದೇ ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಬೇಕು: ಗರಿಷ್ಠ ವೇಗ, ಸಾಧಾರಣ ಮೋಡ್‌ನ ವೇಗ, ಗಾಳಿಯ ಮಿತಿ. ಈ ಮೂರರಲ್ಲಿ ಒಂದನ್ನಾದರೂ ಹೇಳದೆ ಮುಚ್ಚಿಡುವ ಅಗ್ಗದ ಡ್ರೋನನ್ನು, ಕ್ಯಾಮೆರಾ ಎಷ್ಟೇ ಚೆನ್ನಾಗಿದೆಯೆಂದರೂ, ಗಾಳಿಯ ಕೆಲಸಕ್ಕೆ ಪರಿಗಣಿಸಬಾರದು.

ಹಣ ಕಡಿಮೆಯಿದ್ದು ಗಾಳಿಯಲ್ಲೇ ಹಾರಿಸಬೇಕಾದವರಿಗೆ ಇನ್ನೊಂದು ದಾರಿ, ಬಳಸಿದ ಮಧ್ಯಮ ಡ್ರೋನ್. 2018ರ ಮ್ಯಾವಿಕ್ 2 ಪ್ರೊ 907 ಗ್ರಾಂ ತೂಗುತ್ತದೆ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರುತ್ತದೆ. ಹೊಸ ಹಗುರ ಡ್ರೋನಿಗಿಂತ ಮರಳುವ ಬಲ ಅದರಲ್ಲಿ ಹೆಚ್ಚು. ಆದರೆ ಇಲ್ಲಿ ಡ್ರೋನಿಗಿಂತ ಬ್ಯಾಟರಿಯನ್ನು ಹೆಚ್ಚು ಪರೀಕ್ಷಿಸಬೇಕು. ಹಳೆಯ ಲಿಥಿಯಂ ಪಾಲಿಮರ್ ಬ್ಯಾಟರಿ ನಿಧಾನ ಹಾರಾಟದಲ್ಲಿ ಸರಿಯಾಗಿಯೇ ಇದ್ದಂತೆ ತೋರುತ್ತದೆ; ಎದುರುಗಾಳಿಯಲ್ಲಿ ಪೂರ್ಣ ಶಕ್ತಿ ಕೇಳಿದಾಗ ಮಾತ್ರ ಅದರ ವೋಲ್ಟೇಜ್ ಒಮ್ಮೆಗೇ ಕುಸಿಯುತ್ತದೆ. ಚಳಿಯಿದ್ದರಂತೂ ಕುಸಿತ ಇನ್ನೂ ಬೇಗ. ಬ್ಯಾಟರಿಯನ್ನು ಮಟ್ಟವಾದ ಮೇಜಿನ ಮೇಲಿಟ್ಟು ಬೆರಳಿನಿಂದ ಮೂಲೆ ಒತ್ತಿದಾಗ ಅದು ತೊಟ್ಟಿಲಿನಂತೆ ತೂಗಿದರೆ ಒಳಗೆ ಉಬ್ಬಿದೆ ಎಂದರ್ಥ. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ಹಾರಿಸಬಾರದು. ಹೊಸ ಬ್ಯಾಟರಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಹಳೆಯ ಡ್ರೋನಿಗೆ ಹಣ ಕೊಡಿ.

ಎಫ್‌ಪಿವಿ ಡ್ರೋನ್

ಕನ್ನಡಕದಂತಹ ಗಾಗಲ್ ಹಾಕಿಕೊಂಡು, ಡ್ರೋನಿನೊಳಗೆ ಕುಳಿತಂತೆ ನೋಡುತ್ತ ಹಾರಿಸುವ ಎಫ್‌ಪಿವಿ ಗಾಳಿಯಲ್ಲಿ ಬಲಶಾಲಿ. ತೂಕಕ್ಕೆ ಹೋಲಿಸಿದರೆ ಇದರ ಮೋಟಾರುಗಳ ಬಲ ಬಹಳ ಹೆಚ್ಚು. ಡಿಜೆಐನ 795 ಗ್ರಾಂ ತೂಕದ ಎಫ್‌ಪಿವಿ ಮಾದರಿಗೆ ಸೆಕೆಂಡಿಗೆ 13.8 ಮೀಟರ್ ಗಾಳಿಯ ಮಿತಿ ಕೊಟ್ಟಿದ್ದರು, ಅಂದರೆ ಆರನೇ ಹಂತದ ತುತ್ತತುದಿ. ಚಿಕ್ಕದಾದ 410 ಗ್ರಾಂನ ಅವಾಟಾಗೆ ಈ ಮಿತಿ 10.7ಕ್ಕೆ ಇಳಿಯುತ್ತದೆ, ಪ್ರೊಪೆಲ್ಲರ್ ಸುತ್ತಲಿನ ಬಳೆಗಳು ಅಡ್ಡಗಾಳಿಗೆ ಹಾಯಿಯಂತೆ ಎದುರಾಗುತ್ತವೆ.

ಬಲವಿದ್ದರೂ ಇದು ಎಲ್ಲರಿಗೂ ಅಲ್ಲ. ಎಫ್‌ಪಿವಿಯ ನಿಜವಾದ ಸೊಗಸು ಇರುವುದು ಪೂರ್ತಿ ಕೈಹಿಡಿತದ ಮೋಡ್‌ನಲ್ಲಿ. ಅಲ್ಲಿ ಸ್ಟಿಕ್ ಬಿಟ್ಟರೆ ಡ್ರೋನ್ ನಿಲ್ಲುವುದಿಲ್ಲ, ಗಾಳಿಯ ಜೊತೆ ಹೋಗುತ್ತದೆ. ತಾನೇ ಜೋಡಿಸಿಕೊಳ್ಳುವ ಐದಿಂಚಿನ ಪ್ರೊಪೆಲ್ಲರ್ ಡ್ರೋನ್ ಒಂದು ಬ್ಯಾಟರಿಯಲ್ಲಿ ಕೆಲವೇ ನಿಮಿಷ ಹಾರುತ್ತದೆ. ಗಾಗಲ್ ಹಾಕಿಕೊಂಡವರಿಗೆ ಸುತ್ತಲಿನ ಆಕಾಶ ಕಾಣುವುದಿಲ್ಲವಾದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ನಿಂತು ಡ್ರೋನನ್ನು ಬರಿಗಣ್ಣಿನಿಂದ ನೋಡುತ್ತಿರಬೇಕೆಂದು ಹಲವು ದೇಶಗಳ ನಿಯಮ ಹೇಳುತ್ತದೆ. ನಿಯಮ ಇಲ್ಲದಿದ್ದರೂ ಹಾಗೆಯೇ ಮಾಡಬೇಕು. ಓಡುವ ಕಾರು, ಅಲೆಯ ಮೇಲೆ ಜಾರುವ ಆಟಗಾರ, ಇಳಿಜಾರಿನ ಸೈಕಲ್ ಸವಾರರನ್ನು ಗಾಳಿಯಲ್ಲೂ ಹಿಂಬಾಲಿಸಬೇಕಾದವರು, ಸಿಮ್ಯುಲೇಟರ್‌ನಲ್ಲಿ ಹತ್ತಾರು ಗಂಟೆ ಅಭ್ಯಾಸ ಮಾಡುವ ತಾಳ್ಮೆ ಇರುವವರು ಇದನ್ನು ಆರಿಸಬಹುದು. ಸೂರ್ಯಾಸ್ತದ ಎದುರು ಡ್ರೋನನ್ನು ಅಲುಗದೆ ನಿಲ್ಲಿಸಿ ಚಿತ್ರ ತೆಗೆಯಬೇಕೆನ್ನುವವರಿಗೆ ಇದು ತಪ್ಪು ಆಯ್ಕೆ.

ಭಾರಿ ಡ್ರೋನ್

ವೃತ್ತಿಪರ ಚಿತ್ರೀಕರಣದ ಇನ್‌ಸ್ಪೈರ್ 3 ಸುಮಾರು ನಾಲ್ಕು ಕಿಲೋ ತೂಗುತ್ತದೆ. ಹಾರುವಾಗ ಅದರ ಗಾಳಿಯ ಮಿತಿ ಸೆಕೆಂಡಿಗೆ 14 ಮೀಟರ್, ಏರುವಾಗ ಮತ್ತು ಇಳಿಯುವಾಗ 12 ಮೀಟರ್. ತಯಾರಕರೇ ಎರಡು ಅಂಕಿ ಕೊಟ್ಟಿರುವುದನ್ನು ಗಮನಿಸಿ: ಮೇಲೆ ನಿಭಾಯಿಸಬಲ್ಲ ಗಾಳಿಯನ್ನು ನೆಲದ ಬಳಿ ನಿಭಾಯಿಸಲು ಆಗುವುದಿಲ್ಲ ಎಂಬ ಒಪ್ಪಿಗೆ ಅದು. ಈ ಮಾತು ಎಲ್ಲ ಡ್ರೋನ್‌ಗಳಿಗೂ ಅನ್ವಯಿಸುತ್ತದೆ, ಬರೆದಿರಲಿ ಬಿಡಲಿ. ಮಧ್ಯಮ ಡ್ರೋನಿಗಿಂತ ಸಿಗುವ ಲಾಭ ಗಾಳಿಯಲ್ಲಿ ಎರಡು ಮೀಟರ್ ಮಾತ್ರ. ಅದಕ್ಕೆ ತೆರುವ ಬೆಲೆ ಹಲವು ಪಟ್ಟು, ಜೊತೆಗೆ ಪರವಾನಗಿ, ವಿಮೆ, ಸಹಾಯಕರು, ಸುತ್ತ ಜನರಿಲ್ಲದ ವಿಶಾಲ ಜಾಗ. ಸಿನಿಮಾ ದರ್ಜೆಯ ಕ್ಯಾಮೆರಾ ಬೇಕಾದವರು ಕೊಳ್ಳುತ್ತಾರೆ. ಗಾಳಿಗೆ ಹೆದರಿ ಇದನ್ನು ಕೊಳ್ಳಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ಡ್ರೋನನ್ನೇ ಬಿಡುವ ಆಯ್ಕೆ

ಇದನ್ನು ಹೋಲಿಕೆಗಳಲ್ಲಿ ಯಾರೂ ಸೇರಿಸುವುದಿಲ್ಲ, ಆದರೆ ಸೇರಿಸಲೇಬೇಕು. ಮೇಲಿನಿಂದ ನೋಡಿದ ಚಿತ್ರ ಬೇಕು, ಗಾಳಿ ಮಾತ್ರ ನಿಲ್ಲುವುದೇ ಇಲ್ಲ ಎನ್ನುವ ಜಾಗಗಳಲ್ಲಿ ಗಾಳಿ ಬಂದಾಗ ತೂರಿಕೊಳ್ಳುವ ಉಪಾಯವೊಂದಿದೆ: ಗಾಳಿಪಟ. ಫ್ರಾನ್ಸಿನ ಆರ್ಥರ್ ಬಾಟುಟ್ 1888ರಲ್ಲೇ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಆಕಾಶದಿಂದ ಚಿತ್ರ ತೆಗೆದಿದ್ದರು. 1906ರ ಭೂಕಂಪದ ನಂತರ ಪಾಳುಬಿದ್ದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಪ್ರಸಿದ್ಧ ಚಿತ್ರವನ್ನು ಜಾರ್ಜ್ ಲಾರೆನ್ಸ್ ತೆಗೆದದ್ದೂ ಗಾಳಿಪಟಗಳ ಸಾಲಿನಿಂದಲೇ. ಒಂದೇ ಜಾಗದ ಮೇಲೆ ಸ್ಥಿರಚಿತ್ರ ಬೇಕಾದವರಿಗೆ, ಬ್ಯಾಟರಿಯ ಗಡಿಯಾರದ ಒತ್ತಡ ಬೇಡವೆನ್ನುವವರಿಗೆ, ಕಡಿಮೆ ಹಣವಿರುವವರಿಗೆ ಇದು ಇಂದಿಗೂ ಒಳ್ಳೆಯ ದಾರಿ. ಬೇಕಾದ ಕಡೆಗೆ ತಿರುಗಿಸಲು ಆಗದು, ದಾರ ವಿದ್ಯುತ್ ತಂತಿಗೆ ತಾಗದಂತೆ ಜಾಗ ಆರಿಸಬೇಕು, ವಿಮಾನ ನಿಲ್ದಾಣಗಳ ಬಳಿ ಇದಕ್ಕೂ ನಿರ್ಬಂಧವಿದೆ. ಹತ್ತು ಮೀಟರ್ ಒಳಗಿನ ಎತ್ತರವೇ ಸಾಕಾದರೆ ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟುವುದು ಎಲ್ಲಕ್ಕಿಂತ ಸುಲಭ.

ಯಾರಿಗೆ ಯಾವುದು

ಬೆಟ್ಟ ಹತ್ತುವವರಿಗೆ ಚೀಲದ ಪ್ರತಿ ನೂರು ಗ್ರಾಂ ಕೂಡ ಭಾರವೇ. ಅವರು 2022ರ ನಂತರದ ಹಗುರ ಡ್ರೋನ್ ಕೊಂಡು, ಹೊಡೆತ ಗಂಟೆಗೆ 29 ಕಿಲೋಮೀಟರ್ ಮೀರಿದ ದಿನ ಚೀಲದಿಂದ ತೆಗೆಯದಿರುವ ನಿರ್ಧಾರವನ್ನೂ ಅದರೊಂದಿಗೇ ಕೊಳ್ಳಬೇಕು. ಎತ್ತರದ ಬೆಟ್ಟಗಳಲ್ಲಿ ಗಾಳಿಯ ಸಾಂದ್ರತೆ ಕಡಿಮೆಯಾಗಿ ಪ್ರೊಪೆಲ್ಲರ್‌ಗಳ ಹಿಡಿತವೂ ಕುಗ್ಗುವುದರಿಂದ ಅಲ್ಲಿ ಆ ಮಿತಿಯನ್ನು ಇನ್ನಷ್ಟು ತಗ್ಗಿಸಿಕೊಳ್ಳಬೇಕು. ಕಡಲತೀರ, ಜಲಾಶಯ, ಬಯಲುಗಳಲ್ಲಿ ವಾರವಾರವೂ ಹಾರಿಸುವವರು, ಮದುವೆ ಅಥವಾ ಕಟ್ಟಡಗಳ ಚಿತ್ರೀಕರಣಕ್ಕೆ ದಿನ ಗೊತ್ತುಮಾಡಿಕೊಂಡಿರುವವರು ಮಧ್ಯಮ ಡ್ರೋನ್ ಕೊಳ್ಳುವುದು ಸರಿ. ಗೊತ್ತಾದ ದಿನವೇ ಕೆಲಸ ಮುಗಿಸಬೇಕಾದವರಿಗೆ ಗಾಳಿ ನಿಲ್ಲುವವರೆಗೆ ಕಾಯುವ ಸ್ವಾತಂತ್ರ್ಯವಿಲ್ಲ, ಆ ಒತ್ತಡದಲ್ಲಿ ಹಗುರ ಡ್ರೋನ್ ತಪ್ಪು ನಿರ್ಧಾರಕ್ಕೆ ದೂಡುತ್ತದೆ. ಇದೇ ಮೊದಲ ಡ್ರೋನ್ ಎನ್ನುವವರು, ಮುಂದೆ ಯಾವುದನ್ನೇ ಕೊಂಡರೂ, ಮೊದಲ ಇಪ್ಪತ್ತು ಹಾರಾಟಗಳನ್ನು ಎಲೆ ಅಲುಗುವಷ್ಟು ಗಾಳಿಯಲ್ಲಷ್ಟೇ ಮಾಡಬೇಕು.

ಯಾವ ವರ್ಗಕ್ಕೆ ಹೋದರೂ ಡ್ರೋನಿನ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಕೈಯಲ್ಲಿ ಹಿಡಿಯುವ ಸಣ್ಣ ಗಾಳಿಮಾಪಕ ಮತ್ತು ಎರಡು ಜೊತೆ ಹೊಸ ಪ್ರೊಪೆಲ್ಲರ್ ಕೊಳ್ಳಿ. ಮಾಪಕವನ್ನು ತಲೆಯ ಮೇಲೆತ್ತಿ ಹಿಡಿದು ಎರಡು ನಿಮಿಷದ ಗರಿಷ್ಠ ಅಂಕಿಯನ್ನು ನೋಡಿ, ಅದನ್ನು ಒಂದೂವರೆಯಿಂದ ಗುಣಿಸಿದರೆ ಮೇಲಿನ ಹೊಡೆತದ ಒರಟು ಅಂದಾಜು ಸಿಗುತ್ತದೆ. ಅಂಚು ಕಚ್ಚಿದ, ಕೂದಲೆಳೆಯಷ್ಟು ಬಿರುಕು ಬಿಟ್ಟ ಪ್ರೊಪೆಲ್ಲರ್ ಸಾಧಾರಣ ಹವೆಯಲ್ಲಿ ನಡುಕವನ್ನಷ್ಟೇ ತರುತ್ತದೆ, ಜೋರು ಗಾಳಿಯಲ್ಲಿ ಮುರಿದೇ ಹೋಗಬಹುದು.

ಹೊಸ ಡ್ರೋನನ್ನು ಗಾಳಿಯ ಜಾಗಕ್ಕೆ ಒಯ್ದ ಮೊದಲ ದಿನ ಅದನ್ನು ಐದು ಮೀಟರ್‌ಗೆ ಏರಿಸಿ, ಕೈಬಿಟ್ಟು, ಒಂದು ನಿಮಿಷ ನೋಡಿ. ನಿಂತಲ್ಲೇ ಅದು ಎದ್ದು ಕಾಣುವಷ್ಟು ವಾಲಿದ್ದರೆ, ಮೋಟಾರಿನ ಸದ್ದು ಸಮವಾಗಿರದೆ ಏರುತ್ತ ಇಳಿಯುತ್ತ ಇದ್ದರೆ, ಮೇಲೆ ಅದಕ್ಕೆ ಉಳಿದಿರುವ ಬಲ ಬಹಳ ಕಡಿಮೆ. ಅದು ನೆಮ್ಮದಿಯಾಗಿ ನಿಂತಿದ್ದರೆ ಮೊದಲು ಎದುರುಗಾಳಿಗೇ ಕಳಿಸಿ, ಗಾಳಿ ಅದನ್ನು ನಿಮ್ಮ ಕಡೆಗೆ ಮರಳಿಸುವಂತಿರಲಿ. ಗುಡ್ಡದ ಅಥವಾ ದೊಡ್ಡ ಕಟ್ಟಡದ ಹಿಂಬದಿಗೆ ಹೋಗಬೇಡಿ, ಗಾಳಿ ಅಲ್ಲಿ ಮಗುಚಿ ಸುಳಿಯಾಗಿ ಕೆಳಕ್ಕೆ ಒತ್ತುತ್ತದೆ. ತಾನಾಗಿ ಮರಳುವ ವ್ಯವಸ್ಥೆಯ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಸ್ವಲ್ಪವೇ ಮೇಲಿಡಿ. ನೂರು ಮೀಟರ್ ಎಂದು ಇಟ್ಟಿದ್ದರೆ ಬ್ಯಾಟರಿ ಕಡಿಮೆಯಾದ ಹೊತ್ತಿನಲ್ಲೇ ಡ್ರೋನ್ ಇನ್ನಷ್ಟು ಜೋರು ಗಾಳಿಗೆ ಏರಿ ಹೋಗುತ್ತದೆ. ಗಾಳಿ ಹೋಗುವ ದಿಕ್ಕಿಗೆ ಕಳಿಸಲೇಬೇಕಾಗಿ ಬಂದರೆ ಬ್ಯಾಟರಿ ಶೇಕಡ 60 ಇರುವಾಗಲೇ ತಿರುಗಿಸಿ, ತಿರುಗಿಸಿದ ಮೊದಲ ಹತ್ತು ಸೆಕೆಂಡು ಚಿತ್ರವನ್ನು ಬಿಟ್ಟು ಪರದೆಯ ಮೇಲಿನ ದೂರದ ಅಂಕಿಯನ್ನೇ ನೋಡಿ. ಅದು ಇಳಿಯದಿದ್ದರೆ ಕೆಳಗೆ ಅಡೆತಡೆಯಿಲ್ಲವೆಂದು ಖಚಿತಪಡಿಸಿಕೊಂಡು ಡ್ರೋನನ್ನು ತಗ್ಗಿಸಿ, ಆಗಲೂ ಇಳಿಯದಿದ್ದರೆ ಮನೆಯ ಆಸೆ ಬಿಟ್ಟು, ಬ್ಯಾಟರಿ ಇರುವಾಗಲೇ ಜನರಿಲ್ಲದ ಹತ್ತಿರದ ನೆಲ ಹುಡುಕಿ ಅಲ್ಲಿಯೇ ಇಳಿಸಿ, ನಡೆದು ಹೋಗಿ ಎತ್ತಿಕೊಂಡು ಬನ್ನಿ.